ಅಕ್ಕ ಬೆಸ ಕೇಳಿದ ದಿನ

ಆ ಶಾಲೆಯ ಮಕ್ಕಳು ಗಣಿತದ ಮೇಷ್ಟ್ರಿಗೆ ‘ಆರರಲ್ಲೊಂದು’ ಎಂದು ಅಡ್ಡಹೆಸರಿಟ್ಟು ಎಷ್ಟೋ ಕಾಲವಾಗಿತ್ತು. ಹೆಸರಿಟ್ಟವರು ಈಗ ತಂತಮ್ಮ ಮಕ್ಕಳ ಕೈ ಹಿಡಿದು ಅದೇ ಗೇಟಿನ ಬಳಿ ಬಂದು ನಿಲ್ಲುತ್ತಿದ್ದರು. ಹೆಸರು ಮಾತ್ರ ಬೆಂಚಿನಿಂದ ಬೆಂಚಿಗೆ ದಾಟುತ್ತ, ಮುಪ್ಪಾಗದೆ ಉಳಿದಿತ್ತು.

ಏಳನೆಯ ತರಗತಿಗೆ ಸಂಭವನೀಯತೆಯ ಪಾಠ ಬಂದಾಗಲೆಲ್ಲ ಮೇಷ್ಟ್ರು ಕರಿಹಲಗೆಯ ಮೇಲೆ ಒಂದು ದಾಳವನ್ನು ಬರೆಯುತ್ತಿದ್ದರು. ಗೆರೆಗಳು ಎಷ್ಟು ನೇರವೆಂದರೆ, ಬಡಗಿಯ ಮಗ ಎಂಬುದನ್ನು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

“ಆರು ಮುಖ. ಆರಕ್ಕೂ ಸಮಾನ ಹಕ್ಕು. ಹಾಗಾದರೆ ನಾಲ್ಕು ಬೀಳುವ ಸಂಭವನೀಯತೆ ಎಷ್ಟು?”

“ಆರರಲ್ಲೊಂದು ಸಾರ್!” ಎಂದು ತರಗತಿ ಒಕ್ಕೊರಲಿನಿಂದ ಕೂಗುತ್ತಿತ್ತು. ಆ ಕೂಗಿನಲ್ಲಿ ಪಾಠಕ್ಕಿಂತ ಅಡ್ಡಹೆಸರನ್ನು ಮುಖದೆದುರೇ ಹೇಳುವ ಸಂತೋಷವೇ ಹೆಚ್ಚು. ಮೇಷ್ಟ್ರಿಗೆ ಅದು ಗೊತ್ತಿತ್ತು. ಗೊತ್ತಿಲ್ಲದವರಂತೆ ಸೀಮೆಸುಣ್ಣದ ಪುಡಿಯನ್ನು ಕೊಡವಿಕೊಳ್ಳುತ್ತಿದ್ದರು.

“ಎಸೆದು ನೋಡೋಣವಾ ಸಾರ್?” ಎಂದು ಯಾರಾದರೂ ಕೇಳಿದರೆ ಉತ್ತರ ಸಿದ್ಧವಾಗಿತ್ತು. “ಎಸೆಯೋದು ಗೊತ್ತಿಲ್ಲದವರ ಕೆಲಸ. ಗೊತ್ತಿದ್ದವರು ಯೋಚಿಸ್ತಾರೆ.”

ಪುಸ್ತಕದಲ್ಲಿ ಈ ಪಾಠಕ್ಕೆ ಎರಡು ಭಾಗ. ಎಸೆಯದೆ, ಕೇವಲ ಯೋಚಿಸಿ ಹೇಳುವುದು ಸೈದ್ಧಾಂತಿಕ ಸಂಭವನೀಯತೆ. ಎಸೆದು, ಎಣಿಸಿ, ಬಿದ್ದದ್ದನ್ನು ಬಿದ್ದ ಹಾಗೆ ಹೇಳುವುದು ಪ್ರಾಯೋಗಿಕ ಸಂಭವನೀಯತೆ. ಮೊದಲನೆಯದನ್ನು ಮೇಷ್ಟ್ರು ವಾರಗಟ್ಟಲೆ ಕಲಿಸುತ್ತಿದ್ದರು. ಎರಡನೆಯದನ್ನು ಒಂದೇ ಉಸಿರಿನಲ್ಲಿ ಓದಿ ಪುಟ ಮಗುಚುತ್ತಿದ್ದರು. ಅಷ್ಟು ವರ್ಷಗಳ ಸೇವೆಯಲ್ಲಿ ಅವರ ತರಗತಿಯೊಳಗೆ ಒಮ್ಮೆಯೂ ದಾಳ ಉರುಳಿರಲಿಲ್ಲ. ಮನುಷ್ಯನಿಗೆ ಅವನದೇ ಆದ ಒಂದು ಮುಚ್ಚಿದ ಕೋಣೆ ಇರುತ್ತದೆ. ಅದರ ಮುಂದೆ ಹಾದುಹೋಗುವಾಗ ಹೆಜ್ಜೆ ತಾನಾಗಿಯೇ ಬಿರುಸಾಗುತ್ತದೆ.

ಆ ಕೋಣೆಯ ಕಥೆ ಇಷ್ಟು.

ಮೇಷ್ಟ್ರ ಅಪ್ಪ ಬಡಗಿ. ಮನೆಯ ಮುಂಭಾಗವೇ ಕೆಲಸದ ಜಾಗ. ಉಳಿ, ಗರಗಸ, ಕೀಸುಳಿಗಳ ನಡುವೆ ದಾರಿ ಮಾಡಿಕೊಂಡೇ ಅಡುಗೆಮನೆಗೆ ಹೋಗಬೇಕು. ತಾಯಿಯಿಲ್ಲದ ಮನೆ. ಮಕ್ಕಳು ಇಬ್ಬರು: ಅಕ್ಕ, ಅವಳಿಗಿಂತ ಒಂದು ವರ್ಷಕ್ಕೆ ಚಿಕ್ಕವನಾದ ತಮ್ಮ. ಅಕ್ಕ ಎಳವೆಯಲ್ಲಿ ಬಿಡದ ಜ್ವರದಿಂದ ಒಂದು ವರ್ಷ ಹಾಸಿಗೆ ಹಿಡಿದು ಶಾಲೆ ಕಳೆದುಕೊಂಡದ್ದರಿಂದ ಇಬ್ಬರೂ ಒಂದೇ ತರಗತಿಗೆ ಬಂದುಬಿಟ್ಟಿದ್ದರು. ವಯಸ್ಸಿನಲ್ಲಿ ಅಷ್ಟು ಹತ್ತಿರವಾದ್ದರಿಂದ ಜಗಳಕ್ಕೆ ಮೊದಲಿನಿಂದಲೂ ಬರವಿರಲಿಲ್ಲ. ಕಿಟಕಿಯ ಬದಿಯಲ್ಲಿ ಯಾರು ಮಲಗಬೇಕು, ನೀರು ಯಾರು ತರಬೇಕು, ಅಂಗಳ ಯಾರು ಗುಡಿಸಬೇಕು ಎಂಬ ದಿನನಿತ್ಯದ ಪಂಚಾಯಿತಿಯಿಂದ ರೋಸಿಹೋದ ಅಪ್ಪ ಒಂದು ದಿನ ಉಳಿದ ಮರದ ತುಂಡಿನಿಂದ ಒಂದು ದಾಳ ಕೆತ್ತಿದ. ಮೊಳೆಯನ್ನು ಕೆಂಪಗೆ ಕಾಯಿಸಿ ಚುಕ್ಕಿಗಳನ್ನು ಸುಟ್ಟ.

“ಇನ್ನು ಮೇಲೆ ನನ್ನ ತಲೆ ತಿನ್ನಬೇಡಿ. ಜಗಳ ಬಂತೋ, ಇದನ್ನ ಕೇಳಿ. ಸಮ ಒಬ್ಬರಿಗೆ, ಬೆಸ ಒಬ್ಬರಿಗೆ. ದಾಳ ಬಿದ್ದ ಮೇಲೆ ಮಾತಿಲ್ಲ.”

ಅದೇ ಆ ಮನೆಯ ಸಂವಿಧಾನವಾಯಿತು. ದಾಳ ಬಿದ್ದ ಮೇಲೆ ಗೊಣಗುವಂತಿಲ್ಲ, ಅಳುವಂತಿಲ್ಲ, ಮರುದಿನ ಎತ್ತಿ ಆಡುವಂತಿಲ್ಲ.

ಆ ದಾಳ ಮನೆಗೆ ಬಂದ ಹೊಸತರಲ್ಲೇ ಅಕ್ಕನ ಜ್ವರವೂ ಬಂತು. ಜ್ವರ ಬಿಟ್ಟೆದ್ದ ಮೇಲೆ ಅವಳು ಪ್ರತಿಸಲವೂ ಮೊದಲು ಬಾಯಿ ಹಾಕುತ್ತಿದ್ದಳು: “ಸಮ ನಂದು!” ಮೊದಲು ಹೇಳಿದವರಿಗೆ ಹಕ್ಕು. ಹತ್ತಾರು ಸಲ ಕೇಳಿದರೆ ಹೆಚ್ಚು ಸಲ ಅವಳದ್ದೇ ಗೆಲುವು. ‘ಅವಳ ನಾಲಗೆ ಮೇಲೆ ಮಚ್ಚೆ ಇದೆ’ ಎಂದು ಅಪ್ಪ ನಗುತ್ತಿದ್ದ. ತಮ್ಮ ಮುಖ ಊದಿಸಿಕೊಂಡು, “ನೀನು ಕೈಯಲ್ಲಿ ಏನೋ ಮಾಡ್ತೀಯ” ಎಂದರೆ, “ತಗೋ ಮಾರಾಯ, ನೀನೇ ಎಸಿ” ಎಂದು ಕೊಟ್ಟುಬಿಡುತ್ತಿದ್ದಳು. ಅವನು ಎಸೆದರೂ ಕಿಟಕಿಯ ಬದಿ ಅವಳಿಗೇ.

ಇಬ್ಬರೂ ಶಾಲೆ ಮುಗಿಸಿದ ವರ್ಷ ದೂರದ ಪಟ್ಟಣದ ಕಾಲೇಜಿನಲ್ಲಿ ಇಬ್ಬರಿಗೂ ಜಾಗ ಸಿಕ್ಕಿತು. ಅದೇ ತಿಂಗಳು ಗರಗಸದ ಯಂತ್ರ ಅಪ್ಪನ ಬಲಗೈಯ ಎರಡು ಬೆರಳುಗಳನ್ನು ತೆಗೆದುಕೊಂಡಿತು. ಯಾರಾದರೊಬ್ಬರು ಉಳಿದು ಅಪ್ಪನ ಕೈಯಾಗಬೇಕು, ಯಾರಾದರೊಬ್ಬರು ಹೋಗಬಹುದು. ಅಂಕಗಳಲ್ಲಿ ಅಕ್ಕನೇ ಮುಂದೆ. ಆದರೂ ಅಪ್ಪ ಯಾರ ಹೆಸರನ್ನೂ ಹೇಳಲಿಲ್ಲ. ಬ್ಯಾಂಡೇಜು ಸುತ್ತಿದ ಕೈಯನ್ನು ಮಡಿಲಲ್ಲಿ ಮಲಗಿಸಿಕೊಂಡು ಗೋಡೆ ನೋಡುತ್ತ ಕುಳಿತ. ದಾಳವನ್ನು ತಂದವಳು ಅಕ್ಕನೇ.

“ಬಾರೋ, ಕೇಳೇಬಿಡೋಣ.”

ವಾಡಿಕೆಯಂತೆ, ಅವಳು ಸಮ ಕೇಳಲಿ ಎಂದು ತಮ್ಮ ಕಾದು ನಿಂತ. ಅಕ್ಕ ದಾಳವನ್ನು ಅಂಗೈಯಲ್ಲಿ ಒಂದು ಗಳಿಗೆ ಹಿಡಿದುಕೊಂಡಿದ್ದಳು. ಆಮೇಲೆ ಅವನ ಕೈಗೆ ಹಾಕಿದಳು.

“ಇವತ್ತು ನನಗೆ ಬೆಸ. ಸಮ ನಿಂದು.”

“ಯಾಕೆ?”

“ಯಾಕೋ, ನಾಲಗೆ ಹಾಗೆ ಹೊರಳಿತು. ಎಸಿ, ಎಸಿ.”

ಅವನು ಎಸೆದ. ನಾಲ್ಕು ಬಿತ್ತು. ‘ಒಂದೇ ಒಂದು ಸಲ ಅಕ್ಕ ಎಡವಿದಳು’ ಎಂದು ಹುಡುಗನ ಎದೆ ಒಳಗೊಳಗೇ ಕುಣಿದದ್ದು ನಿಜ. ಆ ಕುಣಿತಕ್ಕೆ ನಾಚಿಕೊಂಡದ್ದೂ ನಿಜ. ಅವನು ಹೋದ, ಅವಳು ಉಳಿದಳು.

ರಜೆಗೆ ಬಂದಾಗಲೆಲ್ಲ ಅಕ್ಕನ ಅಂಗೈ ಹೆಚ್ಚು ಹೆಚ್ಚು ಗಟ್ಟಿಯಾಗಿರುತ್ತಿತ್ತು. ಅಪ್ಪ ಸತ್ತ ಮೇಲೆ ಕೆಲಸವನ್ನೆಲ್ಲ ಅವಳೇ ನೋಡಿಕೊಂಡಳು. ಬಾಗಿಲು, ಕಿಟಕಿ, ಮಂಚ, ಕೊನೆಗೆ ತಮ್ಮ ಕಲಿಸುವ ಶಾಲೆಯ ಬೆಂಚುಗಳು ಕೂಡ. “ಅಲ್ಲಾಡಿದರೆ ಕರಿ. ಅಲ್ಲಾಡಲ್ಲ” ಎಂದು ಬೆಂಚಿನ ಮೇಲೆ ಗುದ್ದಿ ತೋರಿಸಿದ್ದಳು. ಒಂದೆರಡು ಸಲ ಮೇಷ್ಟ್ರು ತಡವರಿಸಿ ಬಾಯಿ ತೆರೆದದ್ದುಂಟು. “ಅಕ್ಕಾ, ನ್ಯಾಯವಾಗಿ ನೀನು ಹೋಗಬೇಕಿತ್ತು...”

“ದಾಳ ಬಿದ್ದ ಮೇಲೆ ಮಾತಿಲ್ಲ ಕಣೋ. ಆ ಹಲಗೆ ಕೊಂಚ ಹಿಡ್ಕೋ.”

ಇದರಿಂದ ಅವರಿಗೆ ಎಷ್ಟು ಹಗುರಾಗುತ್ತಿತ್ತು ಎಂಬುದನ್ನು ಅವರು ಯಾರಿಗೂ ಹೇಳಿರಲಿಲ್ಲ. ದಾಳಕ್ಕೆ ಕಣ್ಣಿಲ್ಲ, ಪಕ್ಷವಿಲ್ಲ, ನೆನಪಿಲ್ಲ. ಅದು ಬಿದ್ದ ಹಾಗೆ ಬಿತ್ತು. ಒಬ್ಬರು ಇನ್ನೊಬ್ಬರಿಂದ ಏನನ್ನೂ ಕಸಿದುಕೊಳ್ಳಲಿಲ್ಲ. ‘ಆರು ಮುಖಕ್ಕೂ ಸಮಾನ ಹಕ್ಕು’ ಎಂಬುದು ಮಕ್ಕಳಿಗೆ ಪಾಠ. ಮೇಷ್ಟ್ರಿಗೆ ಅದು ವರ್ಷ ವರ್ಷವೂ ಹಲಗೆಯ ಮೇಲೆ ತಾವೇ ಬರೆದುಕೊಳ್ಳುತ್ತಿದ್ದ ಖುಲಾಸೆಯ ತೀರ್ಪು.

ಅಕ್ಕ ತೀರಿಕೊಂಡದ್ದು ಹಿಂದಿನ ಚಳಿಗಾಲದಲ್ಲಿ. ಮರದ ಹೊಟ್ಟು ಎದೆಯಲ್ಲಿ ಇಳಿದು ಇಳಿದು, ಕೊನೆಕೊನೆಗೆ ಅವಳ ಉಸಿರಿನಲ್ಲೇ ಒಂದು ಗರಗಸ ಆಡುತ್ತಿತ್ತು. ಅವಳ ಕೈಕೆಳಗೆ ಕೆಲಸ ಕಲಿತಿದ್ದವನು ಅವಳ ಸಣ್ಣ ಉಪಕರಣದ ಪೆಟ್ಟಿಗೆಯನ್ನು ಮೇಷ್ಟ್ರ ಮನೆಗೆ ತಲುಪಿಸಿ ಹೋದ. ಅದರ ತಳದಲ್ಲಿ, ಎಣ್ಣೆ ಹಿಡಿದ ಬಟ್ಟೆಯಲ್ಲಿ ಸುತ್ತಿದ ದಾಳ.

ಅಂದಿನಿಂದ ಸದ್ದು ಶುರುವಾಯಿತು.

ಟಕ್. ಟಕ ಟಕ. ಟಕ್. ಮರದ ಮೇಲೆ ಮರ ಉರುಳುವ ಸದ್ದು. ಆಮೇಲೆ, ಬಿದ್ದದ್ದನ್ನು ಯಾರೋ ಬಾಗಿ ನೋಡುತ್ತಿರುವಂಥ ಒಂದು ಮೌನ. ಹಾಡುಹಗಲಲ್ಲೇ ಕೇಳುತ್ತಿತ್ತು: ಮಧ್ಯಾಹ್ನ ಬೀದಿ ಬರಿದಾಗಿ, ನಲ್ಲಿಯ ನೀರು ನಿಂತು, ಪಕ್ಕದ ಮನೆಯ ರೇಡಿಯೊ ಬಾಯಿ ಮುಚ್ಚಿದಾಗ. ಹೋಗಿ ನೋಡಿದರೆ ಪೆಟ್ಟಿಗೆ ಮುಚ್ಚಿದ ಹಾಗೆಯೇ ಇರುತ್ತಿತ್ತು.

ಮೇಷ್ಟ್ರ ಹೆಂಡತಿ ನಿವೃತ್ತ ನರ್ಸ್. ದೆವ್ವಗಳಿಗಿಂತ ಡಾಕ್ಟರುಗಳನ್ನೇ ಹೆಚ್ಚು ಕಂಡು ಗಟ್ಟಿಯಾದವರು.

“ಇಲಿ ಇರಬೇಕು ರೀ.”

“ಇಲಿ ದಾಳ ಆಡುತ್ತಾ?”

“ಮೇಷ್ಟ್ರ ಮನೆ ಇಲಿ ಅಲ್ವಾ, ಲೆಕ್ಕ ಬಂದಿರುತ್ತೆ.” ಆಮೇಲೆ ಗಂಡನ ಮುಖ ನೋಡಿ ದನಿ ಇಳಿಸಿದರು. “ಅದನ್ನ ಶಾಲೆಗೆ ತಗೊಂಡು ಹೋಗಿಬಿಡಿ. ಆ ಸಂತೆಯಲ್ಲಿ ಏನು ಉರುಳಿದರೂ ಕೇಳಿಸೋದಿಲ್ಲ.”

ಮಾತು ಸರಿಯೆನಿಸಿತು. ಮರುದಿನ ಮೇಷ್ಟ್ರು ದಾಳವನ್ನು ಜೇಬಿನಲ್ಲಿ ತಂದು ತರಗತಿಯ ಮೇಜಿನ ಡ್ರಾಯರಿನಲ್ಲಿ, ಮುರಿದ ಸೀಮೆಸುಣ್ಣಗಳ ನಡುವೆ ಇಟ್ಟರು. ಮನೆಯಲ್ಲಿ ಸದ್ದು ನಿಂತಿತು. ಎಡವಟ್ಟಾದದ್ದು ಅಲ್ಲಿಯೇ.

ಅದು ಅವರ ಸೇವೆಯ ಕೊನೆಯ ವರ್ಷ. ಹೊಸದಾಗಿ ಬಂದಿದ್ದ ಮುಖ್ಯೋಪಾಧ್ಯಾಯಿನಿ ನಯವಾಗಿಯೇ ಹೇಳಿದರು: “ಸಾರ್, ಈ ಸಲ ಎರಡನೇ ಭಾಗವನ್ನ ಮಕ್ಕಳ ಕೈಯಲ್ಲೇ ಮಾಡಿಸಬೇಕು. ದಾಳ ತರಿಸಿದ್ದೀನಿ.” ಪೊಟ್ಟಣದಲ್ಲಿ ಪ್ಲಾಸ್ಟಿಕ್ಕಿನ ಐದು ದಾಳಗಳಿದ್ದವು. ತರಗತಿಯಲ್ಲಿ ಆರು ಗುಂಪುಗಳಿದ್ದವು.

ಕೊನೆಯ ಬೆಂಚಿನ ಗುಂಪಿಗೆ ದಾಳವಿಲ್ಲದೆ ಹೋಯಿತು. ಆ ಗುಂಪಿನ ಮುಂದಾಳು ಒಬ್ಬ ಹುಡುಗಿ. ‘ಯಾಕೆ’ ಎಂಬ ಪದವಿಲ್ಲದೆ ಅವಳ ಬಾಯಿಂದ ವಾಕ್ಯವೇ ಹೊರಡುತ್ತಿರಲಿಲ್ಲವಾದ್ದರಿಂದ ಅವಳಿಗೆ ಲಾಯರಮ್ಮ ಎಂದೇ ಹೆಸರು. ಅವಳ ಪಕ್ಕದಲ್ಲಿ ಕೂರುವವನು ಡಬ್ಬಿ. ಊಟದ ಡಬ್ಬಿಯನ್ನು ಎರಡನೆಯ ಪಿರಿಯಡ್ಡಿಗೇ ಖಾಲಿ ಮಾಡುವ ಕೀರ್ತಿ ಅವನದು.

“ನಮಗ್ಯಾಕೆ ಇಲ್ಲ ಸಾರ್?” ಎಂದಳು ಲಾಯರಮ್ಮ.

“ನೀವು ಬೇರೆಯವರದ್ದು ನೋಡಿ.”

“ಸಾರ್, ನಿಮ್ಮ ಡ್ರಾಯರಲ್ಲಿ ಒಂದಿದೆ!” ಎಂದ ಡಬ್ಬಿ. “ಸೀಮೆಸುಣ್ಣ ತರೋಕೆ ಕಳಿಸಿದ್ರಲ್ಲ, ಆಗ ಕಂಡೆ. ಮರದ್ದು.”

ನಲವತ್ತು ಜೊತೆ ಕಣ್ಣುಗಳು ಡ್ರಾಯರಿನ ಕಡೆ ಹೊರಳಿದವು. ಬೇಡ ಎನ್ನಲು ಒಂದು ಕಾರಣ ಬೇಕಿತ್ತು. ಅವರ ಬಳಿ ಇದ್ದ ಕಾರಣ ಮಕ್ಕಳಿಗೆ ಹೇಳುವಂಥದ್ದಲ್ಲ. ಮೇಷ್ಟ್ರು ಡ್ರಾಯರ್ ಎಳೆದರು.

ಪ್ರತಿ ಗುಂಪೂ ಅರವತ್ತು ಸಲ ಎಸೆಯಬೇಕು. ಬಿದ್ದ ಮುಖಕ್ಕೆ ಒಂದೊಂದು ಗೀಟು ಹಾಕಬೇಕು. ಮಕ್ಕಳು ಶುರು ಮಾಡಿದರು. ಮೇಷ್ಟ್ರು ಕಿಟಕಿಯ ಬಳಿ ಬೆನ್ನು ತಿರುಗಿಸಿ ನಿಂತರು. ಪ್ಲಾಸ್ಟಿಕ್ಕಿನ ಚಿಟಪಟ, ನಗು, ಕೂಗಾಟ, ‘ನನ್ನ ಸರದಿ ಕಣೋ’ ಎಂಬ ಎಳೆದಾಟ, ಈ ಎಲ್ಲದರ ಅಡಿಯಲ್ಲಿ ಹರಿದು ಅವರ ಕಿವಿಯನ್ನು ತಲುಪುತ್ತಿದ್ದುದು ಒಂದೇ ಸದ್ದು. ಅಪ್ಪ ಕೆತ್ತಿದ ದಾಳ ಅಕ್ಕ ಮಾಡಿದ ಬೆಂಚಿನ ಮೇಲೆ ಬೀಳುತ್ತಿತ್ತು. ಟಕ್. ಟಕ ಟಕ. ಟಕ್. ಮರ ಮರದೊಂದಿಗೆ ಮಾತಿಗೆ ತೊಡಗಿತ್ತು. ನಡುವೆ ಬಾಯಿ ಹಾಕಲು ಅವರು ಯಾರು?

ಎಣಿಕೆಗಳು ಹಲಗೆಗೆ ಬಂದವು. ಆರು ಗುಂಪಿಗೆ ಆರು ಸಾಲು. ಮೊದಲ ಐದು ಗುಂಪುಗಳಲ್ಲಿ ನಾಲ್ಕು ಬಿದ್ದದ್ದು ಒಬ್ಬರಿಗೆ ಏಳು ಸಲ, ಒಬ್ಬರಿಗೆ ಹದಿಮೂರು, ಉಳಿದವರಿಗೆ ಅದರ ನಡುವೆ. ಮೇಷ್ಟ್ರಿಗೆ ಧೈರ್ಯ ಬಂತು. ತಾವೇ ಅಚ್ಚರಿಪಡುವಷ್ಟು ಚೆನ್ನಾಗಿ ಪಾಠ ಮಾಡಿದರು.

“ಅರವತ್ತರಲ್ಲಿ ಹತ್ತು ಅಂತ ನಾವು ಯೋಚಿಸಿ ಹೇಳಿದ್ವಿ. ಯಾರಿಗೂ ಸರಿಯಾಗಿ ಹತ್ತು ಬಂದಿಲ್ಲ. ಹಾಗಂತ ಯೋಚನೆ ತಪ್ಪಾ? ಅಲ್ಲ. ಐದೂ ಗುಂಪು ಕೂಡಿಸಿ ನೋಡಿ. ಹತ್ತಿರ ಬಂತಲ್ಲ? ಹಗ್ಗಕ್ಕೆ ಕಟ್ಟಿದ ಕರುವಿನ ಹಾಗೆ ಅದು. ಆ ಕಡೆ ಈ ಕಡೆ ಎಳೆಯುತ್ತೆ, ಆದರೆ ಗೂಟ ಬಿಟ್ಟು ಹೋಗೋದಿಲ್ಲ. ಎಷ್ಟು ಹೆಚ್ಚು ಸಲ ಎಸೀತೀರೋ ಅಷ್ಟು ಗೂಟದ ಹತ್ತಿರ.”

“ನಮ್ಮ ಕರು ಹಗ್ಗ ಕಿತ್ಕೊಂಡಿದೆ ಸಾರ್,” ಎಂದಳು ಲಾಯರಮ್ಮ.

ಆರನೆಯ ಸಾಲಿನಲ್ಲಿ ನಾಲ್ಕರ ಕೆಳಗೆ ಇಪ್ಪತ್ತೊಂದು ಎಂದಿತ್ತು. ಮೂರರ ಕೆಳಗೆ ಬರೀ ಮೂರು.

“ಡಬ್ಬಿ ಕೈಚಳಕ!” ಎಂದು ಯಾರೋ ಕೂಗಿದರು. ಡಬ್ಬಿ ಎದ್ದುನಿಂತು ಎರಡೂ ಅಂಗೈ ತೋರಿಸಿದ. “ನಾನು ಎಸೆದಿದ್ದು ಕಮ್ಮಿ ಸಾರ್. ಇವಳೇ ಬಿಡ್ಲಿಲ್ಲ.”

“ಇನ್ನೊಂದು ಅರವತ್ತು ಸಲ ಎಸೀರಿ,” ಎಂದರು ಮೇಷ್ಟ್ರು. “ಗೂಟದ ಹತ್ತಿರ ಬರುತ್ತೆ.”

ಈ ಸಲ ಇಡೀ ತರಗತಿ ಕೊನೆಯ ಬೆಂಚಿನ ಸುತ್ತ ಮುತ್ತಿಕೊಂಡಿತು. ಎಸೆಯುವ ಕೈ ಬದಲಾಯಿತು, ಬೆಂಚಿನ ಜಾಗ ಬದಲಾಯಿತು. ಬಿದ್ದ ಮುಖಗಳನ್ನು ಎಲ್ಲರೂ ಒಟ್ಟಿಗೆ ಕೂಗಿ ಹೇಳಿದರು. ಹತ್ತೊಂಬತ್ತು ನಾಲ್ಕುಗಳು ಬಂದವು.

“ಒಟ್ಟು ನೂರಿಪ್ಪತ್ತರಲ್ಲಿ ನಲವತ್ತು,” ಎಂದಳು ಲಾಯರಮ್ಮ. “ಮೂರರಲ್ಲೊಂದು. ಆರರಲ್ಲೊಂದು ಅಲ್ಲ ಸಾರ್.” ಕೊನೆಯ ಮಾತಿಗೆ ಯಾರೋ ಕಿಸಕ್ಕೆಂದರು.

ಮೇಷ್ಟ್ರು ಹಲಗೆಗೆ ಮುಖ ಮಾಡಿದರು. “ಎಣಿಕೆಯಲ್ಲಿ ಎಲ್ಲೋ ತಪ್ಪಾಗಿರಬೇಕು. ಎಲ್ಲರೂ ಆರರಲ್ಲೊಂದು ಅಂತಲೇ ಬರ್ಕೊಳ್ಳಿ.”

“ಎಣಿಸೋದು ಒಂದು, ಬರೆಯೋದು ಇನ್ನೊಂದಾ? ಹಾಗಾದರೆ ಎಸೆದಿದ್ದು ಯಾಕೆ ಸಾರ್?”

ಯಾವ ಕೆಟ್ಟ ಎಣಿಕೆಯೂ ಇಲ್ಲದೆ, ಡಬ್ಬಿ ಹೇಳಿದ: “ನಂಗೇನಾದ್ರೂ ಈ ದಾಳ ಸಿಕ್ಕಿದ್ರೆ ಸಾರ್, ಸಮ-ಬೆಸ ಆಡುವಾಗ ಯಾವಾಗ್ಲೂ ಸಮಾನೇ ಕೇಳ್ತೀನಿ. ಸೋಲೋ ಮಾತೇ ಇಲ್ಲ!”

ಮೇಷ್ಟ್ರ ಕೈಯಲ್ಲಿದ್ದ ಡಸ್ಟರ್ ತಾನಾಗಿಯೇ ಮೇಲೆದ್ದಿತು. ಅವರು ಆರನೆಯ ಸಾಲನ್ನು ಒರೆಸಿಬಿಟ್ಟರು. ಒರೆಸಿದ ಜಾಗದಲ್ಲಿ ಅಂಕಿಗಳು ಹೋದವು. ಅವುಗಳ ಬಿಳಿಯ ಆವಿ ಉಳಿಯಿತು. ಗಂಟೆ ಬಾರಿಸಿತು. ಲಾಯರಮ್ಮ ದಾಳವನ್ನು ತಂದು ಮೇಜಿನ ಮೇಲಿಟ್ಟಳು. “ನಾವು ಸುಳ್ಳು ಗೀಟು ಹಾಕಿಲ್ಲ ಸಾರ್,” ಎಂದಳು. ಅವಳ ಕಣ್ಣುಗಳು ತುಂಬಿದ್ದವು. ಆದರೂ ಅವಳು ಅಳಲಿಲ್ಲ.

ಅಂದು ಸಂಜೆ ಮೇಷ್ಟ್ರು ದಾಳವನ್ನು ಮನೆಗೆ ತಂದರು. ಬೆಳಕು ಇನ್ನೂ ಅಡುಗೆಮನೆಯ ಕಟ್ಟೆಯ ಮೇಲಿತ್ತು. ಆರೂ ಮುಖಗಳನ್ನು ತಿರುಗಿಸಿ ನೋಡಿದರು. ನಾಲ್ಕರ ಬೆನ್ನಿಗಿರುವ ಮೂರರ ಮುಖದಲ್ಲಿ ನಡುವಿನ ಚುಕ್ಕಿಯ ಸುತ್ತ ಮರ ತುಸು ಕಪ್ಪಾಗಿತ್ತು. ಅಪ್ಪನ ಕೈ ತಡೆದು ಮೊಳೆ ಹೆಚ್ಚು ಸುಟ್ಟಿದೆ ಎಂದೇ ಅವರು ಚಿಕ್ಕಂದಿನಿಂದ ತಿಳಿದಿದ್ದರು. ಈಗ ಉಗುರಿನಿಂದ ಕೆರೆದು ನೋಡಿದರು. ಸುಟ್ಟ ಮರ ಮೆತ್ತಗಿರುತ್ತದೆ; ಇದು ಕಲ್ಲಿನಂತಿತ್ತು.

ಅಪ್ಪ ಮರ ಕೊಳ್ಳುವಾಗ ಒಂದು ತುಣುಕನ್ನು ತೊಟ್ಟಿಗೆ ಎಸೆದು ನೋಡುತ್ತಿದ್ದ. ‘ನೀರಿಗೆ ಬಿಟ್ಟರೆ ಮರ ತನ್ನ ಭಾರ ತಾನೇ ಹೇಳುತ್ತೆ. ಒಳಗೆ ಗಂಟಿದ್ದರೆ ಆ ಮಗ್ಗುಲು ಕೆಳಗೆ.’ ಮಗನಿಗೆ ಆ ಮಾತು ನೆನಪಿತ್ತು. ಇಷ್ಟು ವರ್ಷ ಅದರ ಅಗತ್ಯ ಬಿದ್ದಿರಲಿಲ್ಲ.

“ಆ ಬೇಸಿನ್ ಎಲ್ಲಿದೆ?” ಎಂದರು.

ಹೆಂಡತಿ ಸ್ಟೀಲಿನ ಬೇಸಿನ್ನಿಗೆ ನೀರು ತುಂಬಿ ಮುಂದಿಟ್ಟರು. ಮೇಷ್ಟ್ರು ದಾಳವನ್ನು ನೀರಿಗೆ ಬಿಟ್ಟರು. ಅದು ಒಮ್ಮೆ ಮುಳುಗಿ, ಎದ್ದು, ಮೆಲ್ಲಗೆ ಮಗ್ಗುಲು ಬದಲಿಸಿ ನಿಂತಿತು. ನಾಲ್ಕು. ಮೂರರ ಮುಖವನ್ನು ಮೇಲೆ ಮಾಡಿ ಬಿಟ್ಟರು. ನಿದ್ದೆಯಲ್ಲಿ ಹೊರಳುವ ಮಗುವಿನ ಹಾಗೆ ಅದು ಹೊರಳಿತು. ನಾಲ್ಕು. ಬೆರಳಿನಿಂದ ತಳದವರೆಗೆ ಒತ್ತಿ ಹಿಡಿದು ಬಿಟ್ಟರು. ನೀರೊಳಗಿಂದ ನಾಲ್ಕು ಕಪ್ಪು ಕಣ್ಣುಗಳು ಮೇಲೆದ್ದು ಅವರನ್ನೇ ನೋಡಿದವು.

ಆಗ ಅವರಿಗೆ ಬೇರೊಂದು ಪಾತ್ರೆ ಕಂಡಿತು.

ಜ್ವರದ ಮಂಚ. ಮಂಚದ ಪಕ್ಕದ ಮಣೆಯ ಮೇಲೆ, ಹಣೆಗೆ ಹಾಕುವ ಒದ್ದೆಬಟ್ಟೆಯ ಬೋಗುಣಿ. ಶಾಲೆಯಿಂದ ಓಡಿಬಂದ ತಮ್ಮ ಬಾಗಿಲಲ್ಲಿ ನಿಂತಿದ್ದಾನೆ. ಬತ್ತಿದ ಮುಖದ ಅಕ್ಕ ಮೊಣಕೈಯೂರಿ ಎದ್ದು, ಬೋಗುಣಿಯಲ್ಲಿ ತೇಲುವ ದಾಳವನ್ನು ಬೆರಳಿನಿಂದ ಮುಳುಗಿಸುತ್ತಿದ್ದಾಳೆ, ಬಿಡುತ್ತಿದ್ದಾಳೆ, ಮತ್ತೆ ಮುಳುಗಿಸುತ್ತಿದ್ದಾಳೆ. ಇವನನ್ನು ಕಂಡು ನಕ್ಕು, ‘ನೋಡೋ, ಎಷ್ಟು ಮುಳುಗಿಸಿದರೂ ಅದೇ ಮುಖ ಹೊತ್ಕೊಂಡು ಬರುತ್ತೆ’ ಎಂದು ತಟ್ಟನೆ ದಾಳವನ್ನು ಒದ್ದೆಬಟ್ಟೆಯಲ್ಲಿ ಮುಚ್ಚಿಕೊಂಡಿದ್ದಳು. ಕಾಯಿಲೆಯವಳ ಆಟ ಎಂದುಕೊಂಡು ಅವನು ಹೊರಗೆ ಓಡಿದ್ದ.

ಆ ವರ್ಷವಿಡೀ ಒಳಕೋಣೆಯಿಂದ ಕೇಳುತ್ತಿದ್ದ ಸದ್ದು ಇದೇ ಅಲ್ಲವೇ? ಟಕ್. ಟಕ ಟಕ. ಟಕ್. ಮಂಚ ಬಿಟ್ಟು ಏಳಲಾಗದ ಹುಡುಗಿ ಮಣೆಯ ಮೇಲೆ ದಿನಗಟ್ಟಲೆ ದಾಳ ಎಸೆದಿದ್ದಳು, ಬಾಗಿ ನೋಡಿದ್ದಳು, ಮತ್ತೆ ಎಸೆದಿದ್ದಳು. ಅವರು ಜೀವಮಾನವಿಡೀ ಪುಟ ಮಗುಚಿ ದಾಟಿದ ಪಾಠವನ್ನು ಅವಳು ಆ ಹಾಸಿಗೆಯಲ್ಲೇ ಓದಿ ಮುಗಿಸಿದ್ದಳು.

ಹಾಗಾದರೆ ಆ ದಿನ ಅವಳು ಎಡವಿರಲಿಲ್ಲ.

ಮೇಷ್ಟ್ರು ತಡೆದು ತಡೆದು ಹೆಂಡತಿಗೆ ಎಲ್ಲವನ್ನೂ ಹೇಳಿದರು. ಅವರು ಬೇಸಿನ್ನಿನ ಅಂಚು ಹಿಡಿದುಕೊಂಡು ಕೇಳಿದರು.

“ಸಮಕ್ಕೆ ಮೂರರಲ್ಲಿ ಎರಡು ಪಾಲು, ಹತ್ತಿರ ಹತ್ತಿರ,” ಎಂದರು ಮೇಷ್ಟ್ರು. “ಮೂರನೇ ಒಂದು ಪಾಲು ಅವಳು ತನಗೆ ಇಟ್ಕೊಂಡಿದ್ದಳು.”

“ನಿಮ್ಮ ಪಾಲುಗಳನ್ನ ಕಟ್ಟಿಡಿ. ನೂರಕ್ಕೆ ಇಷ್ಟು ಅಂತ ಡಾಕ್ಟರು ಹೇಳೋದನ್ನ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಮಂಚದ ಮೇಲೆ ಮಲಗಿರೋರು ನೂರು ಜನ ಅಲ್ಲ ರೀ, ಒಬ್ಬರು.” ಗಂಡನ ಕಡೆ ತಿರುಗಿ ಕೇಳಿದರು: “ಈಗ ಯಾಕೆ ಮುಖ ಹಾಗಾಗಿದೆ? ಕೋಪವಾ?”

“ಹೌದು ಅಂತ ಇಟ್ಕೋ. ನನ್ನನ್ನ ಒಂದು ಮಾತು ಕೇಳಲಿಲ್ಲ. ಬೇಡ ಅನ್ನೋಕೂ ಜಾಗ ಬಿಡಲಿಲ್ಲ. ದಾಳದ ಬಾಯಲ್ಲಿ ಹೇಳಿಸಿಬಿಟ್ಟಳು.”

“ಕೇಳಿದ್ದರೆ ಬೇಡ ಅಂತಿದ್ರಾ?”

ಮೇಷ್ಟ್ರು ದಾಳವನ್ನು ಮತ್ತೆ ಬೆರಳಿನಿಂದ ಮುಳುಗಿಸಿದರು. ಉತ್ತರ ಅವರಿಗೆ ಗೊತ್ತಿತ್ತು, ಅಕ್ಕನಿಗೂ ಗೊತ್ತಿತ್ತು, ಅದಕ್ಕೇ ಅವಳು ಕೇಳಿರಲಿಲ್ಲ. ಹೇಳಲು ಬರದ ಆ ಉತ್ತರದಿಂದ ತಮ್ಮನನ್ನು ಉಳಿಸಲೆಂದೇ ಅವಳು ನಾಲಗೆಯನ್ನು ಹೊರಳಿಸಿದ್ದಳು. ಕಣ್ಣಿಲ್ಲದ, ಪಕ್ಷವಿಲ್ಲದ ದಾಳವೆಂದು ನಂಬಿ ಅವರು ಒರಗಿದ್ದ ಗೋಡೆ ಅಲ್ಲಿರಲೇ ಇಲ್ಲ. ಇಷ್ಟು ಕಾಲ ಅವರ ಬೆನ್ನಿಗಿದ್ದದ್ದು ಅಂಗೈ ಗಟ್ಟಿಯಾದ ಒಂದು ಕೈ.

ಮಾರನೆಯ ದಿನ ಅವರು ತರಗತಿಗೆ ಬೇಸಿನ್ ಹಿಡಿದುಕೊಂಡು ಹೋದರು. ದಾರಿಯುದ್ದಕ್ಕೂ ಮಕ್ಕಳು ‘ಸಾರ್ ಸ್ನಾನಕ್ಕೆ ಹೊರಟಿದ್ದಾರೆ’ ಎಂದು ಪಿಸುಗುಟ್ಟಿದರು. ಮೇಷ್ಟ್ರು ಮೊದಲು ಹಲಗೆಯ ಬಳಿ ಹೋಗಿ, ಹಾಗೆಯೇ ಉಳಿದಿದ್ದ ಐದು ಸಾಲುಗಳ ಕೆಳಗೆ ಆರನೆಯದನ್ನು ಮತ್ತೆ ಬರೆದರು. ಯಾರೂ ಹೇಳಿಕೊಡಬೇಕಾಗಲಿಲ್ಲ, ಒಂದೊಂದು ಅಂಕಿಯೂ ನೆನಪಿತ್ತು.

“ನಿನ್ನೆ ಇವರು ಸರಿಯಾಗಿ ಎಣಿಸಿದ್ರು. ಒರೆಸಿದ್ದು ನನ್ನ ತಪ್ಪು. ಬಾಮ್ಮಾ ಲಾಯರಮ್ಮ, ಇದನ್ನ ನೀರಿಗೆ ಬಿಡು.”

ತಮ್ಮ ಬಾಯಿಂದ ಅಡ್ಡಹೆಸರು ಜಾರಿದ್ದು ಅವರಿಗೆ ತಿಳಿಯಲೇ ಇಲ್ಲ. ತರಗತಿ ನಕ್ಕಿತು, ಅವಳೂ ನಕ್ಕಳು. ದಾಳ ಹೊರಳಿ ನಾಲ್ಕಾದದ್ದನ್ನು ಕಂಡು ಮತ್ತೆ ಮತ್ತೆ ಬಿಟ್ಟಳು. ಡಬ್ಬಿ ಬೇಸಿನ್ನಿಗೆ ಮೂಗು ತಾಗಿಸಿ, “ಒಳಗೆ ಏನೋ ಕೂತಿದೆ ಸಾರ್!” ಎಂದ.

“ಗಂಟು ಕೂತಿದೆ. ಆರು ಮುಖಕ್ಕೂ ಸಮಾನ ಹಕ್ಕು ಅಂತ ನಾನು ಹೇಳ್ತಿದ್ದೆನಲ್ಲ, ಅದು ಹಲಗೆ ಮೇಲೆ ಬರೆದ ದಾಳಕ್ಕೆ. ಕೈಯಲ್ಲಿರೋ ದಾಳ ಹೇಗಿದೆ ಅಂತ ಎಸೆದೇ ತಿಳೀಬೇಕು. ಎಣಿಕೆ ಗೂಟದ ಹತ್ತಿರ ಬರದೇ ಇದ್ರೆ, ಎಣಿಸಿದವರನ್ನ ಬೈಯೋ ಮೊದಲು ಗೂಟ ಎಲ್ಲಿ ನೆಟ್ಟಿದ್ದೀವಿ ಅಂತ ನೋಡ್ಕೋಬೇಕು.” ಅವರು ದಾಳವನ್ನು ಒರೆಸಿ ಅಂಗೈಯಲ್ಲಿ ಹಿಡಿದರು. “ಈಗ ಒಂದು ಪ್ರಶ್ನೆ. ಇದರಲ್ಲಿ ಸಮ-ಬೆಸ ಆಡಬೇಕು. ಯಾವುದು ಕೇಳ್ತೀರಿ?”

“ಸಮ!” ಎಂದು ಚಾವಣಿ ಹಾರುವಂತೆ ಕೂಗಿದರು.

“ಎಲ್ಲ ಗೊತ್ತಿದ್ದೂ ಒಬ್ಬರು ಬೆಸ ಕೇಳಿದ್ರೆ?”

“ಪೆದ್ದರು,” ಎಂದ ಡಬ್ಬಿ.

ಲಾಯರಮ್ಮ ಹಲಗೆಯನ್ನು ನೋಡಿದಳು, ಬೇಸಿನ್ನನ್ನು ನೋಡಿದಳು. “ಎದುರಿಗೆ ಯಾರಿದ್ದಾರೆ ಅನ್ನೋದರ ಮೇಲೆ ಸಾರ್,” ಎಂದಳು ಕೊನೆಗೆ. “ನನ್ನ ತಮ್ಮ ಇದ್ರೆ ನಾನೂ ಒಂದೊಂದು ಸಲ ಕೇಳ್ತೀನಿ.”

ಮೇಷ್ಟ್ರಿಗೆ ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಯಿತು.

“ಆದರೆ ಬೆಸ ಕೇಳಿದವರು ಸೋತೇ ಸೋಲ್ತಾರೆ ಅಂತ ಇಲ್ಲ, ಅಲ್ವಾ ಸಾರ್?” ಅವಳು ಬಿಡಲಿಲ್ಲ. “ಒಂದೇ ಸಲ ಎಸೆದ್ರೆ ಗೆದ್ದೂಬಿಡಬಹುದು. ಆಗೇನು ಮಾಡ್ತಾರೆ?”

ಇದನ್ನು ಅವರು ಯೋಚಿಸಿರಲಿಲ್ಲ. ಬೆಸ ಬಿದ್ದಿದ್ದರೆ ಅಕ್ಕ ಏನು ಮಾಡುತ್ತಿದ್ದಳು? ಪೆಟ್ಟಿಗೆ ಕಟ್ಟಿಕೊಂಡು ಹೋಗುತ್ತಿದ್ದಳೇ? ಅಥವಾ ‘ದಾಳ ಸರಿಯಾಗಿ ಉರುಳಲಿಲ್ಲ, ಮತ್ತೆ ಎಸಿ’ ಎನ್ನುತ್ತಿದ್ದಳೇ? ಆ ಮೂರನೆಯ ಒಂದು ಪಾಲಿನಲ್ಲಿ ಅವಳು ತನಗಾಗಿ ಬಚ್ಚಿಟ್ಟುಕೊಂಡ ಆಸೆ ಎಷ್ಟಿತ್ತು ಎಂಬುದಕ್ಕೆ ಯಾವ ಎಣಿಕೆಯೂ ಇರಲಿಲ್ಲ. ಅದೊಂದನ್ನು ಅವರು ಇನ್ನು ಮುಂದೆ ಹೊತ್ತುಕೊಂಡೇ ತಿರುಗಬೇಕು.

“ಗೊತ್ತಿಲ್ಲಮ್ಮ,” ಎಂದರು. ಆ ತರಗತಿಯಲ್ಲಿ ಅವರು ಆ ಮಾತನ್ನಾಡಿದ್ದು ಅದೇ ಮೊದಲು. “ಬಾ, ಕೇಳಿಯೇಬಿಡೋಣ. ಇವತ್ತು ಹಲಗೆ ಯಾರು ಒರೆಸಬೇಕು, ನೀನಾ ನಾನಾ? ಸೋತವರು ಒರೆಸಬೇಕು.”

“ಸಮ ಯಾರಿಗೆ ಸಾರ್?”

“ಸಮ ನಿಂದು. ನನಗೆ ಬೆಸ.”

ಅವಳು ಎಸೆದಳು. ದಾಳ ಅಕ್ಕನ ಬೆಂಚಿನ ಮೇಲೆ ಬಿದ್ದು ಉರುಳಿತು. ಟಕ್. ಟಕ ಟಕ. ಟಕ್. ಆಮೇಲೆ ಆ ಮೌನ. ಈ ಸಲ ಮೇಷ್ಟ್ರು ಬೆನ್ನು ತಿರುಗಿಸಲಿಲ್ಲ. ಎಲ್ಲರೊಡನೆ ಬಾಗಿ ನೋಡಿದರು. ಬೆಂಚಿನ ನುಣುಪಾದ ಮೈಮೇಲೆ ಒಂದೇ ಒಂದು ಚುಕ್ಕಿ ಅವರನ್ನು ನೋಡುತ್ತಿತ್ತು.

“ಬೆಸ! ಸಾರ್ ಗೆದ್ರು!” ಎಂದು ಡಬ್ಬಿ ಕುಣಿದ.

ಲಾಯರಮ್ಮ ಮುಖ ಸಪ್ಪಗೆ ಮಾಡಿಕೊಂಡು ಡಸ್ಟರಿಗೆ ಕೈಚಾಚಿದಳು. ಅಷ್ಟರಲ್ಲಿ ಮೇಷ್ಟ್ರು ಅದನ್ನು ಎತ್ತಿಕೊಂಡಾಗಿತ್ತು.

“ಗೆದ್ದವರು ಒರೆಸಬಾರದು ಸಾರ್!”

“ದಾಳ ಬಿದ್ದ ಮೇಲೆ ಮಾತಿಲ್ಲ,” ಎಂದು ಹೇಳಹೊರಟ ಮೇಷ್ಟ್ರು ಅರ್ಧಕ್ಕೇ ನಿಲ್ಲಿಸಿದರು. ಆಡದೆ ಉಳಿದ ಮಾತುಗಳಿಗೆ ಆ ಒಂದು ಬಾಗಿಲಾದರೂ ತೆರೆದಿರಲಿ ಎನಿಸಿತು. ಹಲಗೆಯ ಕಡೆ ತಿರುಗಿ, ಮೇಲಿನ ಸಾಲಿನಿಂದ ಒಂದೊಂದಾಗಿ ಒರೆಸುತ್ತ ಬಂದರು. ಆರನೆಯ ಸಾಲಿನ ಬಳಿ ಕೈ ನಿಂತಿತು. ಅದನ್ನು ಹಾಗೆಯೇ ಬಿಟ್ಟು, ಸೀಮೆಸುಣ್ಣದ ಪುಡಿ ಹಿಡಿದ ಅಂಗೈಯನ್ನು ನೋಡಿಕೊಳ್ಳುತ್ತ, ಅದು ಎಷ್ಟು ಮೆತ್ತಗಿದೆ ಎಂದು ಅಚ್ಚರಿಪಡುತ್ತ, ಬಹಳ ಹೊತ್ತು ನಿಂತಿದ್ದರು.